ಮೇರಿ ಎಲೈಜಾ ಮಹೋನಿ (1845–1926): ಆಸ್ಪತ್ರೆಯ ಸಹಾಯಕಿ ತರಬೇತಿ ಹೊಂದಿದ ಶುಶ್ರೂಷಕಿಯಾದ ಜೀವನವೃತ್ತಾಂತ

ಶುಶ್ರೂಷಾ ವೃತ್ತಿಯಲ್ಲಿ ಸಹಾಯಕ ಹಂತದಲ್ಲಿದ್ದು, ಮುಂದಿನ ವ್ಯಾಸಂಗದ ಮೂಲಕ ನೋಂದಾಯಿತ ಶುಶ್ರೂಷಕಿಯಾಗಲು ಬಯಸುವವರಿಂದ ಕೇಳಿಬರುವ ಪ್ರಶ್ನೆಯೊಂದಿದೆ. ಅನೇಕ ವರ್ಷಗಳಿಂದ ರೋಗಿಗಳ ಸೇವೆ ಮಾಡಿಕೊಂಡು ಬಂದಿರುವಾಗ ಮತ್ತೆ ತರಗತಿಯಲ್ಲಿ ಕುಳಿತು ಪ್ರಮಾಣಪತ್ರ ಪಡೆಯುವ ಅಗತ್ಯವೇನು, ಈವರೆಗೆ ಮಾಡಿದ ಸೇವೆಗೆ ಬೆಲೆಯೇ ಇಲ್ಲವೇ ಎಂಬುದೇ ಆ ಪ್ರಶ್ನೆ. ಪ್ರಶ್ನೆ ನ್ಯಾಯವಾದುದೇ ಆಗಿದೆ. ನಿಯಮದ ಸಂಖ್ಯೆಯನ್ನು ಉಲ್ಲೇಖಿಸಿ ಉತ್ತರಿಸುವುದು ಸುಲಭ. ಆದರೆ ಅಂತಹ ನಿಯಮಗಳು ಹುಟ್ಟುವುದಕ್ಕೆ ಮೊದಲೇ ಈ ಪ್ರಶ್ನೆಯನ್ನು ತಮ್ಮ ಬದುಕಿನಲ್ಲಿ ಎದುರಿಸಿದ ಮಹಿಳೆಯೊಬ್ಬರ ವಿಷಯವನ್ನು ತಿಳಿಯುವುದು ಹೆಚ್ಚು ಉಪಯುಕ್ತವೆಂದು ಭಾವಿಸಿ, ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಕ್ರಮಬದ್ಧ ತರಬೇತಿ ಪಡೆದ ಪ್ರಥಮ ಆಫ್ರಿಕನ್ ಅಮೆರಿಕನ್ ಶುಶ್ರೂಷಕಿ ಕುಮಾರಿ ಮೇರಿ ಎಲೈಜಾ ಮಹೋನಿಯವರ ಜೀವನವನ್ನು ಸಂಕ್ಷಿಪ್ತವಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಮಹೋನಿಯವರು 1845ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಬಾಸ್ಟನ್ ನಗರದ ಭಾಗವಾಗಿರುವ ಡಾರ್ಚೆಸ್ಟರ್‌ನಲ್ಲಿ ಜನಿಸಿದರು. ತಂದೆ ಚಾರ್ಲ್ಸ್ ಮಹೋನಿ, ತಾಯಿ ಮೇರಿ ಜೇನ್ ಸ್ಟೀವರ್ಟ್. ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ್ದ ಈ ದಂಪತಿಗಳು ದಕ್ಷಿಣದ ನಾರ್ತ್ ಕ್ಯಾರೊಲಿನಾ ರಾಜ್ಯವನ್ನು ತೊರೆದು, ಗುಲಾಮಗಿರಿಗೆ ಅವಕಾಶವಿಲ್ಲದ ಉತ್ತರದ ರಾಜ್ಯಕ್ಕೆ ಬಂದು ನೆಲೆಸಿದ್ದರು. ಮಹೋನಿಯವರು ಹುಟ್ಟಿದ ಕಾಲದಲ್ಲಿ ದಕ್ಷಿಣದ ರಾಜ್ಯಗಳಲ್ಲಿ ಮನುಷ್ಯರನ್ನು ಕೊಳ್ಳುವುದು ಮತ್ತು ಮಾರುವುದು ಕಾನೂನುಬದ್ಧವಾಗಿಯೇ ಇತ್ತು. ಆ ಪದ್ಧತಿಯು ದೇಶದಾದ್ಯಂತ ರದ್ದಾಗಿದ್ದು 1865ರಲ್ಲಿ. ಆಗ ಅವರಿಗೆ 20 ವರ್ಷ ವಯಸ್ಸು.

ಉತ್ತರದಲ್ಲಿ ಗುಲಾಮಗಿರಿ ಇರಲಿಲ್ಲವೆಂದ ಮಾತ್ರಕ್ಕೆ ಸಮಾನತೆ ಇತ್ತೆಂದು ತಿಳಿಯಬಾರದು. ಬಾಸ್ಟನ್‌ನಲ್ಲಿ ಕಪ್ಪು ಜನಾಂಗದ ಮಕ್ಕಳಿಗೆ ಬೇರೆಯೇ ಶಾಲೆಗಳಿದ್ದವು. ಬಹುಕಾಲದ ಹೋರಾಟದ ನಂತರ 1855ರಲ್ಲಿ ಮ್ಯಾಸಚೂಸೆಟ್ಸ್ ಶಾಸನಸಭೆಯು ಶಾಲೆಗಳಲ್ಲಿನ ವರ್ಣಭೇದವನ್ನು ನಿಷೇಧಿಸಿತು. ಆ ಬದಲಾವಣೆಯ ಫಲವಾಗಿ ಎಲ್ಲ ಮಕ್ಕಳಿಗೂ ಬಾಗಿಲು ತೆರೆದ ಮೊದಲ ಶಾಲೆಗಳ ಪೈಕಿ ಫಿಲಿಪ್ಸ್ ಶಾಲೆಯೂ ಒಂದು. ಸುಮಾರು ಹತ್ತು ವರ್ಷ ವಯಸ್ಸಿನಲ್ಲಿ ಮಹೋನಿಯವರು ಅಲ್ಲಿ ಸೇರಿದರು. ಕಾನೂನು ಬದಲಾದ ಕೆಲವೇ ಕಾಲದಲ್ಲಿ ಅದರ ಪ್ರಯೋಜನ ಪಡೆದ ವಿದ್ಯಾರ್ಥಿಗಳಲ್ಲಿ ಅವರೂ ಒಬ್ಬರೆಂಬುದನ್ನು ಗಮನಿಸಬೇಕು. ಅವರ ಜೀವನದಲ್ಲಿ ಮುಂದೆಯೂ ಹೀಗೆಯೇ ಆಗಿದೆ. ಬಾಗಿಲು ಸ್ವಲ್ಪ ತೆರೆದಾಗ ಅವರು ಹೊಸ್ತಿಲಲ್ಲೇ ಇರುತ್ತಿದ್ದರು.

ನ್ಯೂ ಇಂಗ್ಲೆಂಡ್ ಆಸ್ಪತ್ರೆ

ಮಹೋನಿಯವರ ಬದುಕನ್ನು ಅರಿಯಲು ಅವರು ದುಡಿದ ಆಸ್ಪತ್ರೆಯ ಹಿನ್ನೆಲೆ ತಿಳಿದಿರುವುದು ಅವಶ್ಯಕ. ಮಹಿಳೆಯರು ಮತ್ತು ಮಕ್ಕಳಿಗಾಗಿ ಮೀಸಲಾದ ನ್ಯೂ ಇಂಗ್ಲೆಂಡ್ ಆಸ್ಪತ್ರೆಯು ಬಾಸ್ಟನ್‌ನಲ್ಲಿ 1862ರಲ್ಲಿ ಸ್ಥಾಪನೆಯಾಯಿತು. ಇದರ ಸ್ಥಾಪಕಿ ಡಾ. ಮರಿ ಝಕ್‌ಶೆವ್‌ಸ್ಕಾ. ಆಸ್ಪತ್ರೆಯ ವೈದ್ಯರೂ ಮಹಿಳೆಯರೇ ಆಗಿದ್ದು, ವೈದ್ಯಕೀಯ ಪದವಿ ಪಡೆದೂ ಬೇರೆಡೆ ಅನುಭವಕ್ಕೆ ಅವಕಾಶ ದೊರೆಯದ ಮಹಿಳೆಯರಿಗೆ ಇದು ಆಶ್ರಯವಾಗಿತ್ತು.

ಈ ಸ್ಥಾಪಕಿಯ ವಿಷಯವಾಗಿ ಒಂದೆರಡು ಮಾತು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಇವರು ಬರ್ಲಿನ್‌ನಲ್ಲಿ 1829ರಲ್ಲಿ ಜನಿಸಿದವರು. ತಾಯಿ ಸೂಲಗಿತ್ತಿ. ಮಗಳೂ ಬರ್ಲಿನ್‌ನ ಶಾರಿಟೆ ಆಸ್ಪತ್ರೆಯಲ್ಲಿ ಸೂಲಗಿತ್ತಿಯ ತರಬೇತಿ ಪಡೆದು, 1852ರಲ್ಲಿ ಅಲ್ಲಿಯೇ ಮುಖ್ಯ ಸೂಲಗಿತ್ತಿಯಾಗಿ ನೇಮಕಗೊಂಡರು. ಆ ಹುದ್ದೆಯಲ್ಲಿ ವಿರೋಧ ಎದುರಾಗಿ ಕೆಲವೇ ತಿಂಗಳಲ್ಲಿ ರಾಜೀನಾಮೆ ನೀಡಬೇಕಾಯಿತು. 1853ರಲ್ಲಿ ಅಮೆರಿಕಕ್ಕೆ ವಲಸೆ ಬಂದು, ಹೊಸ ಭಾಷೆ ಕಲಿತು, ಕ್ಲೀವ್‌ಲ್ಯಾಂಡ್‌ನ ವೈದ್ಯಕೀಯ ಕಾಲೇಜಿನಲ್ಲಿ ವ್ಯಾಸಂಗ ಮಾಡಿ 1856ರಲ್ಲಿ ವೈದ್ಯಕೀಯ ಪದವಿ ಪಡೆದರು. ಅಂದರೆ ಸಹಾಯಕ ವೃತ್ತಿಯಿಂದ ಮೇಲಿನ ವೃತ್ತಿಗೆ ಏರುವ ದಾರಿ ಎಷ್ಟು ಕಡಿದಾದುದು ಎಂಬುದನ್ನು ಸ್ವತಃ ನಡೆದು ಬಲ್ಲವರು ಅವರು. ತಮ್ಮ ಆಸ್ಪತ್ರೆಯಲ್ಲಿ ದಾದಿಯರಿಗೂ ಕ್ರಮಬದ್ಧ ಶಿಕ್ಷಣ ನೀಡಬೇಕೆಂದು ಅವರು ಮೊದಲಿನಿಂದಲೂ ಪ್ರಯತ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಆ ಕಾಲದಲ್ಲಿ ಅಮೆರಿಕದಲ್ಲಿ ದಾದಿ ಎಂದರೆ ಯಾರು ಬೇಕಾದರೂ ಆಗಬಹುದಾಗಿತ್ತು. ಮನೆಗೆಲಸದವರು, ವಿಧವೆಯರು, ಬೇರೆ ಜೀವನೋಪಾಯವಿಲ್ಲದವರು ರೋಗಿಗಳ ಬಳಿ ಕೆಲಸಕ್ಕೆ ನಿಲ್ಲುತ್ತಿದ್ದರು. ಲಂಡನ್‌ನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಅವರ ಹೆಸರಿನ ತರಬೇತಿ ಶಾಲೆ 1860ರಲ್ಲಿಯೇ ಪ್ರಾರಂಭವಾಗಿದ್ದರೂ, ಅಮೆರಿಕದಲ್ಲಿ ಅಂತಹ ವ್ಯವಸ್ಥೆ ಬರಲು ಮತ್ತಷ್ಟು ಕಾಲ ಹಿಡಿಯಿತು. ನ್ಯೂ ಇಂಗ್ಲೆಂಡ್ ಆಸ್ಪತ್ರೆಯಲ್ಲಿ 1872ರಲ್ಲಿ ಡಾ. ಸೂಸನ್ ಡಿಮಾಕ್ ಅವರ ಮೇಲ್ವಿಚಾರಣೆಯಲ್ಲಿ ಕ್ರಮಬದ್ಧ ತರಬೇತಿ ಶಾಲೆ ಆರಂಭವಾಯಿತು. ಅದಕ್ಕೆ ಮೊದಲು ಹೆಸರು ನೋಂದಾಯಿಸಿದ ಲಿಂಡಾ ರಿಚರ್ಡ್ಸ್ ಅವರು 1873ರಲ್ಲಿ ಉತ್ತೀರ್ಣರಾಗಿ, ಅಮೆರಿಕದ ಪ್ರಥಮ ತರಬೇತಿ ಹೊಂದಿದ ಶುಶ್ರೂಷಕಿಯೆಂದು ಹೆಸರಾದರು. ಅವರೂ ಹಿಂದೆ ಬೇರೊಂದು ಆಸ್ಪತ್ರೆಯಲ್ಲಿ ತರಬೇತಿ ಇಲ್ಲದೆ ಸಹಾಯಕಿಯಾಗಿ ದುಡಿದವರೇ. ಮೊದಲ ತಂಡದ ವಿದ್ಯಾರ್ಥಿನಿಯರಿಗೆ ಪಠ್ಯಪುಸ್ತಕಗಳಿರಲಿಲ್ಲ, ಪ್ರವೇಶ ಪರೀಕ್ಷೆಯೂ ಇರಲಿಲ್ಲ. ಔಷಧದ ಸೀಸೆಗಳ ಮೇಲೆ ಹೆಸರಿನ ಬದಲು ಸಂಖ್ಯೆಗಳನ್ನಷ್ಟೇ ಬರೆದಿರುತ್ತಿದ್ದು, ತಾವು ರೋಗಿಗೆ ಕೊಡುತ್ತಿರುವ ಔಷಧ ಯಾವುದೆಂದು ದಾದಿಗೆ ತಿಳಿಯುವಂತಿರಲಿಲ್ಲ.

ಹದಿನೈದು ವರ್ಷಗಳ ದುಡಿಮೆ

ಮಹೋನಿಯವರಿಗೆ ಹದಿನೆಂಟರ ಆಸುಪಾಸಿನಲ್ಲಿಯೇ ಶುಶ್ರೂಷಾ ವೃತ್ತಿಯ ಕಡೆಗೆ ಒಲವು ಮೂಡಿತ್ತು. ಆದರೆ ಕಪ್ಪು ಜನಾಂಗದ ಯುವತಿಗೆ ತರಬೇತಿ ನೀಡುವ ಸಂಸ್ಥೆ ಆಗ ಇರಲಿಲ್ಲ. ಆದುದರಿಂದ ಅವರು ನ್ಯೂ ಇಂಗ್ಲೆಂಡ್ ಆಸ್ಪತ್ರೆಯಲ್ಲಿ ದೊರೆತ ಕೆಲಸಕ್ಕೆ ಸೇರಿಕೊಂಡರು. ಅಡುಗೆ ಮಾಡಿದರು, ಬಟ್ಟೆ ಒಗೆದರು, ನೆಲ ಗುಡಿಸಿ ಒರೆಸಿದರು. ಇವುಗಳ ನಡುವೆಯೇ ದಾದಿಯರಿಗೆ ಸಹಾಯಕಿಯಾಗಿ ವಾರ್ಡುಗಳಲ್ಲಿಯೂ ದುಡಿದರು. ಹೀಗೆ ಸುಮಾರು 15 ವರ್ಷಗಳು ಕಳೆದವು.

ಈ ಹದಿನೈದು ವರ್ಷಗಳಿಗೆ ಯಾವ ಪದನಾಮವೂ ಇಲ್ಲ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅವರನ್ನು ಆಯಾ ಎಂದೋ, ಅನಂತರದ ಕಾಲದ ಅಮೆರಿಕದಲ್ಲಿ ಬಳಕೆಗೆ ಬಂದಂತೆ ಪ್ರಾಕ್ಟಿಕಲ್ ನರ್ಸ್ ಎಂದೋ ಕರೆಯಬಹುದು. ಪ್ರಾಕ್ಟಿಕಲ್ ನರ್ಸ್ ಎಂಬ ಮಾತು ಮೊದಲು ಹುಟ್ಟಿದ್ದೇ ತರಬೇತಿ ಪಡೆಯದೆ, ಮಾಡುತ್ತ ಮಾಡುತ್ತ ಕೆಲಸ ಕಲಿತ ದಾದಿಯರನ್ನು ಸೂಚಿಸುವುದಕ್ಕಾಗಿ. ಜ್ವರದ ರೋಗಿಯ ಹಾಸಿಗೆ ಬದಲಾಯಿಸುವುದು, ಬಾಣಂತಿಗೆ ಯಾವ ಹೊತ್ತಿಗೆ ಏನು ಬೇಕೆಂದು ಅರಿಯುವುದು, ವೈದ್ಯರ ಮುಖ ನೋಡಿ ಪರಿಸ್ಥಿತಿಯ ಗಂಭೀರತೆ ತಿಳಿಯುವುದು ಇವೆಲ್ಲ ಅಂತಹವರಿಗೆ ಅಭ್ಯಾಸದಿಂದಲೇ ಬಂದಿರುತ್ತವೆ. ಆದರೆ ಲೆಕ್ಕಪತ್ರದ ರೀತಿಯಲ್ಲಿ ಹೇಳುವುದಾದರೆ, ಮಹೋನಿಯವರ ಈ ದುಡಿಮೆ ಯಾವ ಖಾತೆಗೂ ಜಮೆಯಾಗುತ್ತಿರಲಿಲ್ಲ. ವರ್ಷಗಳು ಕೂಡುತ್ತಿದ್ದವು, ಶಿಲ್ಕು ಮಾತ್ರ ಸೊನ್ನೆಯಾಗಿಯೇ ಉಳಿದಿತ್ತು. 1872ರಲ್ಲಿ ಅದೇ ಆಸ್ಪತ್ರೆಯಲ್ಲಿ ತರಬೇತಿ ಶಾಲೆ ಆರಂಭವಾದಾಗ, ಅವರು ಆ ಶಾಲೆಯ ವಿದ್ಯಾರ್ಥಿನಿಯರ ಬಟ್ಟೆ ಒಗೆಯುವ, ಅವರಿಗೆ ಅಡುಗೆ ಮಾಡುವ ಸ್ಥಾನದಲ್ಲಿದ್ದರು. ತಮಗಿಂತ ಕಡಿಮೆ ಅನುಭವದವರು ಪ್ರಮಾಣಪತ್ರ ಪಡೆದು ಹೊರಹೋಗುವುದನ್ನು ಆರು ವರ್ಷಗಳ ಕಾಲ ಅವರು ನೋಡಿದರು.

ಹದಿನಾರು ತಿಂಗಳ ತರಬೇತಿ

1878ರ ಮಾರ್ಚ್ 23ರಂದು ಮಹೋನಿಯವರಿಗೆ ತರಬೇತಿ ಶಾಲೆಗೆ ಪ್ರವೇಶ ದೊರೆಯಿತು. ಆಗ ಅವರಿಗೆ ಸುಮಾರು 33 ವರ್ಷ ವಯಸ್ಸು. ಶಾಲೆಯ ನಿಯಮದಂತೆ ಅಭ್ಯರ್ಥಿಗಳು 21 ರಿಂದ 31 ವರ್ಷದೊಳಗಿನವರೂ, ಆರೋಗ್ಯವಂತರೂ, ಸನ್ನಡತೆಯುಳ್ಳವರೂ ಆಗಿರಬೇಕಿತ್ತು. ಅಂದರೆ ಅವರು ವಯೋಮಿತಿಯನ್ನು ಮೀರಿದ್ದರು. ಮೇಲಾಗಿ ಪ್ರತಿ ತಂಡದಲ್ಲಿ ಒಬ್ಬ ಕಪ್ಪು ಜನಾಂಗದ ಮತ್ತು ಒಬ್ಬ ಯೆಹೂದಿ ವಿದ್ಯಾರ್ಥಿನಿಗೆ ಮಾತ್ರ ಅವಕಾಶವೆಂಬ ಮಿತಿಯೂ ಆ ಸಂಸ್ಥೆಯಲ್ಲಿತ್ತು. ಇತರ ಸಂಸ್ಥೆಗಳು ಒಬ್ಬರನ್ನೂ ಸೇರಿಸಿಕೊಳ್ಳದಿದ್ದ ಕಾಲದಲ್ಲಿ ಇದನ್ನು ಔದಾರ್ಯವೆಂದು ಕರೆಯಬಹುದು. ಆದರೆ ಎರಡನೆಯವರಿಗೆ ಬಾಗಿಲು ಮುಚ್ಚಿದ್ದುದನ್ನೂ ಮರೆಯುವಂತಿಲ್ಲ. ಈ ಎರಡು ಅಡ್ಡಿಗಳನ್ನೂ ದಾಟಿ ಮಹೋನಿಯವರು ಒಳಬಂದರು. ಹದಿನೈದು ವರ್ಷಗಳ ಕಾಲ ಅವರ ಕೆಲಸವನ್ನು ಕಣ್ಣಾರೆ ಕಂಡಿದ್ದ ಆಸ್ಪತ್ರೆಗೆ ಅವರ ಶ್ರದ್ಧೆಯ ಬಗ್ಗೆ ಬೇರೆ ಸಾಕ್ಷಿ ಬೇಕಾಗಿರಲಿಲ್ಲವೆನ್ನಬಹುದು.

ಇಲ್ಲಿ ಒಂದು ಅಂಶವನ್ನು ಅರ್ಜಿದಾರರು ವಿಶೇಷವಾಗಿ ಗಮನಿಸಬೇಕು. ಅನುಭವವು ಅವರಿಗೆ ಪ್ರವೇಶವನ್ನು ದೊರಕಿಸಿಕೊಟ್ಟಿರಬಹುದು, ಆದರೆ ತರಬೇತಿಯ ಅವಧಿಯಲ್ಲಿ ಒಂದು ದಿನದ ರಿಯಾಯಿತಿಯನ್ನೂ ದೊರಕಿಸಿಕೊಡಲಿಲ್ಲ. ವಾರ್ಡಿನ ಕೆಲಸವನ್ನು ಮೊದಲಿನಿಂದಲೇ ಬಲ್ಲವರೂ, ಆಸ್ಪತ್ರೆಯ ಒಳಗನ್ನು ಮೊದಲ ಸಲ ಕಂಡವರೂ ಒಂದೇ ಸಾಲಿನಿಂದ ಹೊರಡಬೇಕಾಗಿತ್ತು.

ತರಬೇತಿಯ ಅವಧಿ 16 ತಿಂಗಳು. ದಿನಕ್ಕೆ ಸುಮಾರು 16 ಗಂಟೆಗಳ ದುಡಿಮೆ. ಬೆಳಗಿನ ಜಾವ ಎದ್ದು ವಾರ್ಡಿಗೆ ಹೋದರೆ ರಾತ್ರಿ ಒಂಬತ್ತು ದಾಟಿದ ಮೇಲೆಯೇ ಬಿಡುಗಡೆ. ವೈದ್ಯಕೀಯ ವಾರ್ಡು, ಶಸ್ತ್ರಚಿಕಿತ್ಸಾ ವಾರ್ಡು ಮತ್ತು ಹೆರಿಗೆ ವಾರ್ಡುಗಳಲ್ಲಿ ಸರದಿಯಂತೆ ಕೆಲಸ ಮಾಡುತ್ತ, ನಡುವೆ ವೈದ್ಯರು ನೀಡುವ ಉಪನ್ಯಾಸಗಳಿಗೆ ಹಾಜರಾಗಬೇಕಿತ್ತು. ರೋಗಿಯ ಆಹಾರ, ಶಸ್ತ್ರಚಿಕಿತ್ಸೆಗೆ ಒಳಗಾದವರ ಆರೈಕೆ, ಬಾಣಂತಿ ಮತ್ತು ಶಿಶುವಿನ ಆರೈಕೆ, ಪಟ್ಟಿ ಕಟ್ಟುವ ಕ್ರಮ ಮುಂತಾದವು ಕಲಿಕೆಯ ವಿಷಯಗಳು. ಕೊನೆಯ ಹಂತದಲ್ಲಿ ಆಸ್ಪತ್ರೆಯ ಹೊರಗೆ, ಖಾಸಗಿ ಮನೆಗಳಲ್ಲಿನ ರೋಗಿಗಳ ಶುಶ್ರೂಷೆಗೆ ಕಳುಹಿಸಲಾಗುತ್ತಿತ್ತು. ವಿದ್ಯಾರ್ಥಿನಿಯರಿಗೆ ವಾರಕ್ಕೆ 1 ರಿಂದ 4 ಡಾಲರುಗಳವರೆಗೆ ಭತ್ಯೆ ದೊರೆಯುತ್ತಿತ್ತು.

ಆ ವರ್ಷ ಸೇರಿದ ನಲವತ್ತಕ್ಕೂ ಹೆಚ್ಚು ವಿದ್ಯಾರ್ಥಿನಿಯರ ಪೈಕಿ ಕೊನೆಯವರೆಗೂ ಉಳಿದು ಪ್ರಮಾಣಪತ್ರ ಪಡೆದವರು ನಾಲ್ವರು ಮಾತ್ರ. 1879ರ ಆಗಸ್ಟ್ 1ರಂದು ಉತ್ತೀರ್ಣರಾದ ಮಹೋನಿಯವರು ಅವರಲ್ಲೊಬ್ಬರು. ಐದು ಅಡಿ ಎತ್ತರ, ನೂರು ಪೌಂಡಿಗೂ ಕಡಿಮೆ ತೂಕದ ಸಣ್ಣ ಮೈಕಟ್ಟಿನ ಈ ಮಹಿಳೆ, ಹೆಚ್ಚಿನವರು ಅರ್ಧದಲ್ಲಿಯೇ ಬಿಟ್ಟು ಹೋದ ದಾರಿಯನ್ನು ಪೂರೈಸಿದರು. ಹದಿನೈದು ವರ್ಷಗಳ ಅನುಭವ ಅವಧಿಯಲ್ಲಿ ರಿಯಾಯಿತಿ ತರಲಿಲ್ಲವೆಂದು ಮೇಲೆ ಹೇಳಲಾಗಿದೆ. ಆದರೆ ಹದಿನಾರು ಗಂಟೆಗಳ ದಿನಗಳನ್ನು ತಡೆದುಕೊಳ್ಳುವ ಶಕ್ತಿ ಅದೇ ಅನುಭವದಿಂದ ಬಂದಿತ್ತೆಂದು ಭಾವಿಸಿದರೆ ತಪ್ಪಾಗಲಾರದು.

ಖಾಸಗಿ ಶುಶ್ರೂಷಕಿಯಾಗಿ

ಪ್ರಮಾಣಪತ್ರ ದೊರೆತ ಕೂಡಲೇ ಆಸ್ಪತ್ರೆಯ ಹುದ್ದೆ ದೊರೆಯುವ ಕಾಲ ಅದಾಗಿರಲಿಲ್ಲ. ಆಸ್ಪತ್ರೆಗಳ ವಾರ್ಡುಗಳನ್ನು ಬಹುಪಾಲು ವಿದ್ಯಾರ್ಥಿನಿಯರೇ ನೋಡಿಕೊಳ್ಳುತ್ತಿದ್ದುದರಿಂದ, ಉತ್ತೀರ್ಣರಾದ ಹೆಚ್ಚಿನ ಶುಶ್ರೂಷಕಿಯರು ಖಾಸಗಿ ಮನೆಗಳಲ್ಲಿಯೇ ಜೀವನೋಪಾಯ ಕಂಡುಕೊಳ್ಳಬೇಕಿತ್ತು. ಬಾಸ್ಟನ್‌ನ ವೈದ್ಯಕೀಯ ಗ್ರಂಥಾಲಯವು ತರಬೇತಿ ಹೊಂದಿದ ದಾದಿಯರ ಹೆಸರುಗಳ ಪಟ್ಟಿಯೊಂದನ್ನು ನಿರ್ವಹಿಸುತ್ತಿತ್ತು. ಶುಶ್ರೂಷಕಿ ಬೇಕಾದವರು ಅಲ್ಲಿ ವಿಚಾರಿಸಿ ಕರೆಸಿಕೊಳ್ಳುತ್ತಿದ್ದರು. ಮಹೋನಿಯವರು ತಮ್ಮ ಹೆಸರನ್ನು ಈ ಪಟ್ಟಿಯಲ್ಲಿ ಸೇರಿಸಿದರು. ಸರ್ಕಾರದ ನೋಂದಣಿ ಇಲ್ಲದಿದ್ದ ಆ ದಿನಗಳಲ್ಲಿ ಇಂತಹ ಪಟ್ಟಿಯೇ ನೋಂದಣಿಯ ಸ್ಥಾನದಲ್ಲಿತ್ತು.

ಮುಂದಿನ ಮೂರು ದಶಕಗಳ ಕಾಲ ಅವರು ಬಹುಮಟ್ಟಿಗೆ ಬಾಸ್ಟನ್‌ನ ಅನುಕೂಲಸ್ಥ ಬಿಳಿಯರ ಮನೆಗಳಲ್ಲಿ ಬಾಣಂತಿಯರನ್ನೂ, ಶಿಶುಗಳನ್ನೂ, ರೋಗಿಗಳನ್ನೂ ನೋಡಿಕೊಂಡರು. ಅವರ ಶಾಂತಸ್ವಭಾವ ಮತ್ತು ದಕ್ಷತೆ ಬಾಯಿಂದ ಬಾಯಿಗೆ ಹರಡಿ, ನ್ಯೂಜೆರ್ಸಿ, ನಾರ್ತ್ ಕ್ಯಾರೊಲಿನಾ ಮೊದಲಾದ ದೂರದ ಸ್ಥಳಗಳಿಂದಲೂ ಕರೆ ಬರುತ್ತಿತ್ತು. ಗುಲಾಮಗಿರಿಯ ನೆನಪು ಹೊತ್ತು ತಂದೆತಾಯಿಗಳು ಬಿಟ್ಟುಬಂದ ಅದೇ ನಾರ್ತ್ ಕ್ಯಾರೊಲಿನಾಕ್ಕೆ ಮಗಳು ತನ್ನ ವಿದ್ಯೆಗಾಗಿ ಕರೆಯಲ್ಪಟ್ಟು ಹೋದದ್ದು ಸಣ್ಣ ಸಂಗತಿಯಲ್ಲ.

ಆದರೆ ಆ ಮನೆಗಳಲ್ಲಿ ಅವರ ಸ್ಥಾನ ಯಾವುದು ಎಂಬುದು ಇತ್ಯರ್ಥವಾಗದ ಪ್ರಶ್ನೆಯಾಗಿಯೇ ಇತ್ತು. ಮನೆಯೊಳಗೆ ದುಡಿಯುವ ಕಪ್ಪು ಮಹಿಳೆಯನ್ನು ಕಂಡರೆ ಸೇವಕಿಯೆಂದೇ ತಿಳಿಯುವುದು ಅಂದಿನವರ ಅಭ್ಯಾಸ. ಶುಶ್ರೂಷೆಗೆಂದು ಬಂದವರಿಗೆ ಪಾತ್ರೆ ತೊಳೆಯುವ, ಕಸ ಗುಡಿಸುವ ಕೆಲಸವನ್ನೂ ಹೇಳಲು ಯಾರೂ ಹಿಂಜರಿಯುತ್ತಿರಲಿಲ್ಲ. ಮಹೋನಿಯವರು ಇದಕ್ಕೆ ಕಂಡುಕೊಂಡ ಉಪಾಯ ಸರಳವಾದುದು. ಅವರು ಮನೆಯ ಆಳುಗಳೊಂದಿಗೆ ಕುಳಿತು ಊಟ ಮಾಡುತ್ತಿರಲಿಲ್ಲ. ಅಡುಗೆಮನೆಯಲ್ಲಿ ಒಬ್ಬರೇ ಊಟ ಮುಗಿಸುತ್ತಿದ್ದರು. ಇದನ್ನು ಅಹಂಕಾರವೆಂದು ಎಣಿಸುವವರು ಇರಬಹುದು. ಆದರೆ ಹದಿನೈದು ವರ್ಷ ಅಡುಗೆಯನ್ನೂ ಬಟ್ಟೆ ಒಗೆಯುವುದನ್ನೂ ಮಾಡಿದ ಮಹಿಳೆಗೆ ಆ ಕೆಲಸಗಳ ಬಗ್ಗೆ ತಿರಸ್ಕಾರವಿದ್ದಿರಲು ಸಾಧ್ಯವಿಲ್ಲ. ಕಷ್ಟಪಟ್ಟು ಪಡೆದ ಪ್ರಮಾಣಪತ್ರವನ್ನು ಮನೆಯವರು ಒಂದು ಊಟದ ಸಾಲಿನಲ್ಲಿ ಅಳಿಸಿಹಾಕದಂತೆ ಅವರು ಎಚ್ಚರ ವಹಿಸಿದ್ದರು. ಒಂಟಿಯಾಗಿ ಉಣ್ಣುವ ಆ ನಿರ್ಧಾರಕ್ಕೆ ಅವರು ತೆತ್ತ ಬೆಲೆ ಏನೆಂಬುದನ್ನು ಓದುಗರೇ ಊಹಿಸಬಹುದು.

ಈ ನಡುವೆ ಇತರ ಕಪ್ಪು ಮಹಿಳೆಯರಿಗೂ ತರಬೇತಿಯ ದಾರಿಗಳು ನಿಧಾನವಾಗಿ ತೆರೆದವು. ಅಟ್ಲಾಂಟಾದ ಸ್ಪೆಲ್‌ಮನ್ ವಿದ್ಯಾಸಂಸ್ಥೆಯಲ್ಲಿ 1886ರಲ್ಲಿ, ಷಿಕಾಗೋದ ಪ್ರಾವಿಡೆಂಟ್ ಆಸ್ಪತ್ರೆಯಲ್ಲಿ 1891ರಲ್ಲಿ, ಅನಂತರ ಟಸ್ಕೆಗೀ ಹಾಗೂ ನ್ಯೂಯಾರ್ಕ್‌ನ ಲಿಂಕನ್ ಆಸ್ಪತ್ರೆಗಳಲ್ಲಿ ಅವರಿಗಾಗಿ ಶಾಲೆಗಳು ಬಂದವು.

ಸಂಘಟನೆ ಮತ್ತು ನೋಂದಣಿ

1896ರಲ್ಲಿ ಅಮೆರಿಕ ಮತ್ತು ಕೆನಡಾದ ಶುಶ್ರೂಷಕಿಯರು ಸೇರಿ ಒಂದು ಸಂಘವನ್ನು ಕಟ್ಟಿದರು. ಇದೇ 1911ರಲ್ಲಿ ಅಮೆರಿಕನ್ ನರ್ಸಸ್ ಅಸೋಸಿಯೇಷನ್ ಎಂಬ ಹೆಸರು ಪಡೆಯಿತು. ಮಹೋನಿಯವರು ಇದರ ಮೂಲ ಸದಸ್ಯರಲ್ಲಿ ಒಬ್ಬರು. ಆದರೆ ಸಂಘದ ಆಡಳಿತದಲ್ಲಿ ಕಪ್ಪು ಶುಶ್ರೂಷಕಿಯರಿಗೆ ಸ್ವಾಗತ ಕಡಿಮೆಯೇ ಇತ್ತು. ಮುಂದೆ ರಾಜ್ಯ ಸಂಘಗಳ ಮೂಲಕವೇ ಸದಸ್ಯತ್ವ ಎಂಬ ವ್ಯವಸ್ಥೆ ಬಂದಾಗ, ದಕ್ಷಿಣದ ಅನೇಕ ರಾಜ್ಯ ಸಂಘಗಳು ಕಪ್ಪು ಮಹಿಳೆಯರನ್ನು ಸೇರಿಸಿಕೊಳ್ಳದ ಕಾರಣ ರಾಷ್ಟ್ರೀಯ ಸಂಘದ ಬಾಗಿಲೂ ಅವರಿಗೆ ಮುಚ್ಚಿಹೋಯಿತು.

ಈ ಸ್ಥಿತಿಯನ್ನು ಎದುರಿಸಲು ಮುಂದಾದವರು ಮಾರ್ಥಾ ಮಿನರ್ವಾ ಫ್ರಾಂಕ್ಲಿನ್. ಫಿಲಡೆಲ್ಫಿಯಾದಲ್ಲಿ 1897ರಲ್ಲಿ ತರಬೇತಿ ಮುಗಿಸಿದ ತಂಡದಲ್ಲಿ ಅವರೊಬ್ಬರೇ ಕಪ್ಪು ವಿದ್ಯಾರ್ಥಿನಿ. ದೇಶದ ನಾನಾ ಕಡೆ ಇರುವ ಕಪ್ಪು ಶುಶ್ರೂಷಕಿಯರ ಸ್ಥಿತಿಗತಿ ತಿಳಿಯಲು ಅವರು ಕೈಯಾರೆ ಬರೆದು ಸುಮಾರು 1,500 ಪತ್ರಗಳನ್ನು ಕಳುಹಿಸಿದರು. ಅಂಚೆಯಲ್ಲಿ ಬಂದ ಉತ್ತರಗಳ ಆಧಾರದ ಮೇಲೆ, ಲಿಂಕನ್ ಆಸ್ಪತ್ರೆಯ ಏಡಾ ಥಾಮ್ಸ್ ಅವರ ಸಹಕಾರದೊಂದಿಗೆ 1908ರ ಆಗಸ್ಟ್ ತಿಂಗಳಲ್ಲಿ ನ್ಯೂಯಾರ್ಕ್‌ನಲ್ಲಿ ಸಭೆ ಕರೆಯಲಾಯಿತು. 52 ಶುಶ್ರೂಷಕಿಯರು ಹಾಜರಾದರು. ಕಪ್ಪು ಜನಾಂಗದ ಪದವೀಧರ ಶುಶ್ರೂಷಕಿಯರ ರಾಷ್ಟ್ರೀಯ ಸಂಘ ಅಲ್ಲಿ ರೂಪುಗೊಂಡಿತು. ಆಗ 63 ವರ್ಷದವರಾಗಿದ್ದ ಮಹೋನಿಯವರ ಬೆಂಬಲ ಈ ಯತ್ನಕ್ಕೆ ಮೊದಲಿನಿಂದಲೂ ಇತ್ತು.

ಸಂಘದ ಮೊದಲ ವಾರ್ಷಿಕ ಸಮ್ಮೇಳನ 1909ರಲ್ಲಿ ಬಾಸ್ಟನ್‌ನಲ್ಲಿ ನಡೆಯಿತು. ಸ್ವಾಗತ ಭಾಷಣ ಮಾಡಿದವರು ಮಹೋನಿಯವರು. ಶುಶ್ರೂಷಾ ಶಿಕ್ಷಣದಲ್ಲಿನ ಅಸಮಾನತೆಯನ್ನು ಅವರು ಮುಚ್ಚುಮರೆಯಿಲ್ಲದೆ ಪ್ರಸ್ತಾಪಿಸಿದರು. ಪ್ರತಿನಿಧಿಗಳು ಅವರನ್ನು ಸಂಘದ ಆಜೀವ ಸದಸ್ಯರನ್ನಾಗಿಯೂ, ಪ್ರಾರ್ಥನಾ ವಿಧಿಗಳನ್ನು ನಡೆಸಿಕೊಡುವ ಚಾಪ್ಲಿನ್ ಆಗಿಯೂ ಆಯ್ಕೆ ಮಾಡಿದರು.

ಸಂಘದ ಹೋರಾಟಕ್ಕೆ ಇನ್ನೊಂದು ಕಾರಣವೂ ಇತ್ತು. 1903ರಲ್ಲಿ ನಾರ್ತ್ ಕ್ಯಾರೊಲಿನಾ ರಾಜ್ಯವು ಶುಶ್ರೂಷಕಿಯರ ನೋಂದಣಿಗೆ ಸಂಬಂಧಿಸಿದ ದೇಶದ ಮೊದಲ ಕಾನೂನನ್ನು ಮಾಡಿತು. ಅದೇ ವರ್ಷ ನ್ಯೂಜೆರ್ಸಿ, ನ್ಯೂಯಾರ್ಕ್ ಮತ್ತು ವರ್ಜೀನಿಯಾ ರಾಜ್ಯಗಳೂ ಕಾನೂನು ತಂದವು. ಮ್ಯಾಸಚೂಸೆಟ್ಸ್‌ನಲ್ಲಿ ಇದು ಜಾರಿಯಾಗಿದ್ದು 1910ರಲ್ಲಿ. ಇಂದು ಪ್ರತಿಯೊಬ್ಬರಿಗೂ ಪರಿಚಿತವಾದ ರಿಜಿಸ್ಟರ್ಡ್ ನರ್ಸ್ ಎಂಬ ಪದನಾಮ ಹುಟ್ಟಿದ್ದು ಹೀಗೆ. ಮಹೋನಿಯವರು ತಮ್ಮ ಪ್ರಮಾಣಪತ್ರ ಪಡೆದು 31 ವರ್ಷಗಳಾದ ಮೇಲೆ, 65ನೆಯ ವಯಸ್ಸಿನಲ್ಲಿ, ಅವರ ರಾಜ್ಯವು ಆ ವೃತ್ತಿಗೆ ಕಾನೂನಿನ ಮಾನ್ಯತೆ ನೀಡಿತು. ನೋಂದಣಿ ಬಂದೊಡನೆ ಪ್ರಮಾಣಪತ್ರವಿಲ್ಲದ ದಾದಿಯರಿಗೂ ಇರುವವರಿಗೂ ನಡುವಿನ ಗೆರೆ ಗಟ್ಟಿಯಾಯಿತು. ಆ ಗೆರೆಯ ಸರಿಯಾದ ಬದಿಯಲ್ಲಿ ನಿಲ್ಲಲು ಬೇಕಾದ ಪರೀಕ್ಷೆಯನ್ನು ದಕ್ಷಿಣದ ಕೆಲವೆಡೆ ಕಪ್ಪು ಶುಶ್ರೂಷಕಿಯರಿಗೆ ನಿರಾಕರಿಸಲಾಗುತ್ತಿತ್ತು, ಇಲ್ಲವೇ ಪ್ರತ್ಯೇಕವಾಗಿ ನಡೆಸಲಾಗುತ್ತಿತ್ತು. ಎಲ್ಲರಿಗೂ ಒಂದೇ ಪರೀಕ್ಷೆ ಇರಬೇಕೆಂಬುದು ಸಂಘದ ಬೇಡಿಕೆಯಾಗಿತ್ತು. ಕಡಿಮೆ ಮಟ್ಟದ ಪರೀಕ್ಷೆಯನ್ನು ಅವರು ಕೇಳಲಿಲ್ಲವೆಂಬುದು ಮುಖ್ಯ.

ಅನಂತರ ಬಂದ ಸೇತುಬಂಧ ವ್ಯಾಸಂಗ

ಮಹೋನಿಯವರು ಒಂಟಿಯಾಗಿ ದಾಟಿದ ಅಂತರಕ್ಕೆ ಅಮೆರಿಕದಲ್ಲಿ ಸೇತುವೆ ಬಂದದ್ದು ಅವರ ಕಾಲದ ಬಹಳ ನಂತರ. ಪ್ರಾಕ್ಟಿಕಲ್ ನರ್ಸ್‌ಗಳಿಗೂ ಪ್ರತ್ಯೇಕ ಶಾಲೆ, ಪರವಾನಗಿ ಮತ್ತು ಪರೀಕ್ಷೆಗಳು ಇಪ್ಪತ್ತನೆಯ ಶತಮಾನದಲ್ಲಿ ಒಂದೊಂದಾಗಿ ಬಂದವು. ಸುಮಾರು ಒಂದು ವರ್ಷದ ಶಿಕ್ಷಣದ ಬಳಿಕ ಅವರು ಪರವಾನಗಿ ಹೊಂದಿದ ಪ್ರಾಕ್ಟಿಕಲ್ ನರ್ಸ್ ಆಗುತ್ತಾರೆ. ಟೆಕ್ಸಾಸ್ ಮತ್ತು ಕ್ಯಾಲಿಫೋರ್ನಿಯಾಗಳಲ್ಲಿ ಇವರನ್ನೇ ವೊಕೇಷನಲ್ ನರ್ಸ್ ಎನ್ನುತ್ತಾರೆ. ಕೊಲಂಬಿಯಾ ವಿಶ್ವವಿದ್ಯಾಲಯದ ಮಿಲ್ಡ್ರೆಡ್ ಮೊಂಟಾಗ್ ಅವರು 1951ರಲ್ಲಿ ಮಂಡಿಸಿದ ಯೋಜನೆಯಂತೆ, ಸಮುದಾಯ ಕಾಲೇಜುಗಳಲ್ಲಿ ಎರಡು ವರ್ಷಗಳ ಶುಶ್ರೂಷಾ ಪದವಿ ಆರಂಭವಾದ ಮೇಲೆ ಮೇಲಿನ ಹಂತಕ್ಕೆ ಏರುವುದು ಸುಲಭವಾಯಿತು. ಸೇತುಬಂಧ ವ್ಯಾಸಂಗದಲ್ಲಿ, ಹಿಂದಿನ ಕಲಿಕೆಗೆ ಅಂಕಗಳ ಮಾನ್ಯತೆ ನೀಡಿ, ಅನೇಕ ಕಾಲೇಜುಗಳು ಪ್ರಾಕ್ಟಿಕಲ್ ನರ್ಸ್‌ಗಳನ್ನು ಎರಡನೆಯ ವರ್ಷಕ್ಕೆ ಸೇರಿಸಿಕೊಳ್ಳುತ್ತವೆ. ಆದರೆ ವ್ಯಾಸಂಗ ಮುಗಿದ ನಂತರ ನೋಂದಾಯಿತ ಶುಶ್ರೂಷಕಿಯ ಪರವಾನಗಿ ಪರೀಕ್ಷೆಯನ್ನು ಇತರರಂತೆಯೇ ಬರೆಯಬೇಕು. ದಾರಿಯ ಉದ್ದದಲ್ಲಿ ರಿಯಾಯಿತಿ ಉಂಟು, ಪರೀಕ್ಷೆಯ ಮಟ್ಟದಲ್ಲಿ ಇಲ್ಲ. ಭಾರತದಿಂದ ಅಲ್ಲಿಗೆ ಹೋಗಿ ನೋಂದಾಯಿತ ಶುಶ್ರೂಷಕಿಯಾಗಿ ಕೆಲಸ ಮಾಡಬಯಸುವವರೂ ಅದೇ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕಾಗುತ್ತದೆ.

ನಮ್ಮ ದೇಶದಲ್ಲಿಯೂ ಇಂತಹ ಏಣಿಯ ಮೆಟ್ಟಿಲುಗಳಿವೆ. ನೋಂದಾಯಿತ ಎಎನ್‌ಎಂ ಸಹಾಯಕಿಯರಿಗೆ ಜಿಎನ್‌ಎಂ ಡಿಪ್ಲೊಮಾ ವ್ಯಾಸಂಗಕ್ಕೆ ಸೇರಲು ಅವಕಾಶವಿದೆ. ಜಿಎನ್‌ಎಂ ಪೂರೈಸಿ ನೋಂದಣಿ ಹೊಂದಿದವರಿಗೆ ಎರಡು ವರ್ಷಗಳ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್ ಪದವಿಯನ್ನು ಕಲ್ಪಿಸಲಾಗಿದೆ. ಅರ್ಹತೆಯ ನಿಯಮಗಳು ಕಾಲಕಾಲಕ್ಕೆ ಪರಿಷ್ಕರಣೆಯಾಗುವುದರಿಂದ, ಆಸಕ್ತರು ಆಯಾ ಸಾಲಿನ ಅಧಿಸೂಚನೆಯನ್ನು ಪರಿಶೀಲಿಸಿಯೇ ಅರ್ಜಿ ಸಲ್ಲಿಸಬೇಕು. ಹಾಗೂ ಸೇವಾನುಭವದ ದಾಖಲೆಗಳನ್ನು ದುಡಿದ ಸಂಸ್ಥೆಯಿಂದ ಆಗಿಂದಾಗ್ಗೆ ಪಡೆದಿಟ್ಟುಕೊಳ್ಳುವುದು ಒಳಿತು. ಮಹೋನಿಯವರ ಹದಿನೈದು ವರ್ಷಗಳಿಗೆ ಅಂತಹ ಒಂದು ಚೀಟಿಯೂ ಇರಲಿಲ್ಲ.

ಕೊನೆಯ ವರ್ಷಗಳು

1911ರಲ್ಲಿ ಮಹೋನಿಯವರು ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲ್ಯಾಂಡ್‌ನ ಕಿಂಗ್ಸ್ ಪಾರ್ಕ್‌ನಲ್ಲಿದ್ದ, ಕಪ್ಪು ಜನಾಂಗದ ಅನಾಥ ಮಕ್ಕಳ ಹೊವಾರ್ಡ್ ಅನಾಥಾಲಯದ ಮುಖ್ಯಸ್ಥೆಯಾಗಿ ಅಧಿಕಾರ ವಹಿಸಿಕೊಂಡರು. 1912ರವರೆಗೆ ಆ ಹೊಣೆ ನಿರ್ವಹಿಸಿ, ಬಾಸ್ಟನ್‌ಗೆ ಹಿಂದಿರುಗಿದರು. ಅವರು ಅವಿವಾಹಿತರಾಗಿದ್ದರು.

1920ರ ಆಗಸ್ಟ್‌ನಲ್ಲಿ ಅಮೆರಿಕ ಸಂವಿಧಾನದ 19ನೆಯ ತಿದ್ದುಪಡಿಯ ಮೂಲಕ ಮಹಿಳೆಯರಿಗೆ ಮತದಾನದ ಹಕ್ಕು ದೊರೆಯಿತು. ಬಾಸ್ಟನ್‌ನಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಮುಂದಾದ ಮೊದಲ ಮಹಿಳೆಯರಲ್ಲಿ 75 ವರ್ಷದ ಮಹೋನಿಯವರೂ ಇದ್ದರು. ಹತ್ತನೆಯ ವಯಸ್ಸಿನಲ್ಲಿ ಹೊಸದಾಗಿ ತೆರೆದ ಶಾಲೆಗೆ ಹೋದ ಬಾಲಕಿಯ ಸ್ವಭಾವ ಆ ವಯಸ್ಸಿನಲ್ಲಿಯೂ ಬದಲಾಗಿರಲಿಲ್ಲ.

1923ರಲ್ಲಿ ಅವರಿಗೆ ಸ್ತನ ಕ್ಯಾನ್ಸರ್ ಇರುವುದು ತಿಳಿದುಬಂದಿತು. ಮೂರು ವರ್ಷಗಳ ಕಾಲ ಕಾಯಿಲೆಯೊಡನೆ ಹೋರಾಡಿ, 1926ರ ಜನವರಿ 4ರಂದು ನಿಧನರಾದರು. ಅವರು ಕೊನೆಯುಸಿರೆಳೆದದ್ದು ಅದೇ ನ್ಯೂ ಇಂಗ್ಲೆಂಡ್ ಆಸ್ಪತ್ರೆಯಲ್ಲಿ. ಕೆಲಸದಾಕೆಯಾಗಿ, ವಿದ್ಯಾರ್ಥಿನಿಯಾಗಿ ಬಲ್ಲ ಕಟ್ಟಡದಲ್ಲಿ ಅವರು ರೋಗಿಯಾಗಿ ಮಲಗಿದ್ದರು. ಬಾಸ್ಟನ್ ಸಮೀಪದ ಎವರೆಟ್‌ನ ವುಡ್‌ಲಾನ್ ಸ್ಮಶಾನದಲ್ಲಿ ಅವರ ಅಂತ್ಯಕ್ರಿಯೆ ನಡೆಯಿತು.

ಅವರು ಕಟ್ಟಲು ನೆರವಾದ ಸಂಘವು 1936ರಲ್ಲಿ ಅವರ ಹೆಸರಿನಲ್ಲಿ ಪ್ರಶಸ್ತಿಯೊಂದನ್ನು ಸ್ಥಾಪಿಸಿತು. 1951ರಲ್ಲಿ ಸಂಘವು ಅಮೆರಿಕನ್ ನರ್ಸಸ್ ಅಸೋಸಿಯೇಷನ್‌ನೊಂದಿಗೆ ವಿಲೀನವಾಯಿತು. ಪ್ರತ್ಯೇಕ ಸಂಘದ ಅಗತ್ಯವೇ ಇಲ್ಲದಂತಾಗಬೇಕೆಂಬುದು ಅದರ ಗುರಿಯೂ ಆಗಿದ್ದುದರಿಂದ ಇದನ್ನು ಸೋಲೆಂದು ಯಾರೂ ಎಣಿಸಲಿಲ್ಲ. ಮಹೋನಿ ಪ್ರಶಸ್ತಿಯನ್ನು ವಿಲೀನದ ನಂತರವೂ ಮುಂದುವರಿಸಲಾಯಿತು. ಇಷ್ಟಾದರೂ ಅವರ ಸಮಾಧಿ ಮಾತ್ರ ದೀರ್ಘಕಾಲ ಗಮನಕ್ಕೆ ಬಾರದೆ ಉಳಿದಿತ್ತು. 1968ರಲ್ಲಿ ಆ ಪ್ರಶಸ್ತಿ ಪಡೆದ ಹೆಲೆನ್ ಮಿಲ್ಲರ್ ಅವರು ಸಮಾಧಿಯನ್ನು ಹುಡುಕಿ, ಶುಶ್ರೂಷಕಿಯರ ಸಂಘಟನೆಗಳ ನೆರವಿನಿಂದ 1973ರಲ್ಲಿ ಅಲ್ಲಿ ಸ್ಮಾರಕ ಶಿಲೆಯನ್ನು ನಿಲ್ಲಿಸಿದರು. 1976ರಲ್ಲಿ ಅಮೆರಿಕನ್ ನರ್ಸಸ್ ಅಸೋಸಿಯೇಷನ್‌ನ ಗೌರವ ಪಟ್ಟಿಗೂ, 1993ರಲ್ಲಿ ರಾಷ್ಟ್ರೀಯ ಮಹಿಳಾ ಗೌರವ ಪಟ್ಟಿಗೂ ಮಹೋನಿಯವರ ಹೆಸರು ಸೇರಿತು.

ನ್ಯೂ ಇಂಗ್ಲೆಂಡ್ ಆಸ್ಪತ್ರೆಯು 1969ರಲ್ಲಿ, ತರಬೇತಿ ಶಾಲೆಯ ಮೊದಲ ಮೇಲ್ವಿಚಾರಕಿ ಡಾ. ಡಿಮಾಕ್ ಅವರ ಹೆಸರಿನಲ್ಲಿ ಸಮುದಾಯ ಆರೋಗ್ಯ ಕೇಂದ್ರವಾಗಿ ಪರಿವರ್ತನೆಗೊಂಡಿತು. ಬಾಸ್ಟನ್‌ನ ರಾಕ್ಸ್‌ಬರಿ ಪ್ರದೇಶದ ಜನರಿಗೆ ಅದು ಅಲ್ಲಿಯೇ ಸೇವೆ ಸಲ್ಲಿಸುತ್ತಿದೆ.